ಸೀರೆ ಕುಚ್ಚಿನ ದುಡ್ಡು ಬಂತು, ಖಾತೆ ಫ್ರೀಜ್ ಆಯಿತು

ನನ್ನ ಬ್ಯಾಂಕ್ ಖಾತೆ ಕಳೆದ ವಾರ ಬಿಡುಗಡೆಯಾಯಿತು. ಪೂರ್ತಿ ಅಲ್ಲ, 4,600 ರೂಪಾಯಿ ಇನ್ನೂ ಹಿಡಿದಿಟ್ಟಿದ್ದಾರೆ. ಉಳಿದದ್ದು ಕೈಗೆ ಸಿಕ್ಕಿದೆ. ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಕುಚ್ಚು ಕಟ್ಟುತ್ತೇನೆ. ಇಂಥ ಕೆಲಸ ಮಾಡುವವಳ ಖಾತೆಯನ್ನು ಎಲ್ಲೋ ಉತ್ತರದ ರಾಜ್ಯದ ಸೈಬರ್ ಪೊಲೀಸರು ಯಾಕೆ ಹಿಡಿಯಬೇಕು ಅಂತ ನಿಮಗೂ ಅನಿಸಬಹುದು. ನನಗೂ ತಿಂಗಳುಗಟ್ಟಲೆ ಅದೇ ಪ್ರಶ್ನೆ. ಆಗ ಎಷ್ಟು ಹುಡುಕಿದರೂ ಕನ್ನಡದಲ್ಲಿ ನೆಟ್ಟಗೆ ಹೇಳುವವರು ಯಾರೂ ಸಿಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಇದೆ, ಸಹಿಸಿಕೊಳ್ಳಿ.

ಮೊದಲು ಗೊತ್ತಾಗಿದ್ದು ಅಂಗಡಿಯಲ್ಲಿ. ಲೈನಿಂಗ್ ಬಟ್ಟೆ, ರೇಷ್ಮೆ ದಾರ ತಗೊಂಡು ಸ್ಕ್ಯಾನ್ ಮಾಡಿದರೆ ದುಡ್ಡು ಹೋಗುತ್ತಿಲ್ಲ. ಸರ್ವರ್ ಡೌನ್ ಇರಬೇಕು ಅಂದುಕೊಂಡೆ. ಪರಿಚಯದ ಅಂಗಡಿ, ಬರೆಸಿ ಬಂದೆ. ಸಂಜೆಯೂ ಅದೇ ಕಥೆ, ಮರುದಿನವೂ ಅದೇ. ಎಟಿಎಂನಲ್ಲೂ ಬರಲಿಲ್ಲ. ಆದರೆ ಗಿರಾಕಿಗಳು ಕಳಿಸಿದ ದುಡ್ಡು ಮಾತ್ರ ಟಣ್ ಅಂತ ಬಂದು ಬೀಳುತ್ತಿತ್ತು. ಇದನ್ನೇ ಡೆಬಿಟ್ ಫ್ರೀಜ್ ಅನ್ನುತ್ತಾರಂತೆ. ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ.

ಇಲ್ಲಿ ಒಂದು ಮಾತು. ನಿಮಗೂ ಹೀಗಾದರೆ ಮೊದಲು ಮಾಡಬೇಕಾದದ್ದು ಬ್ಯಾಂಕಿಗೆ ಓಡುವುದಲ್ಲ, ಕ್ಯೂಆರ್ ಬೋರ್ಡ್ ತೆಗೆದು ಒಳಗಿಡುವುದು. ಬಂದ ದುಡ್ಡು ಬೇಡ ಅನ್ನುವುದಕ್ಕೆ ಯುಪಿಐನಲ್ಲಿ ದಾರಿ ಇಲ್ಲ. ಯಾರು ಹಾಕಿದರೂ ಬಂದು ಸೇರುತ್ತದೆ, ಸೇರಿದ್ದು ಒಳಗೇ ಉಳಿಯುತ್ತದೆ. ನಾನು ಯಜಮಾನರ ಖಾತೆಯ ಕ್ಯೂಆರ್ ಪ್ರಿಂಟ್ ಹಾಕಿಸಿ, ಎಲ್ಲ ಗಿರಾಕಿಗಳಿಗೂ ವಾಟ್ಸಾಪ್ ಮಾಡಿದೆ. ಆದರೂ ಹಳೇ ನಂಬರಿಗೆ ಹಾಕುವವರು ಹಾಕುತ್ತಲೇ ಇದ್ದರು. "ಅಕ್ಕ, ಹಾಕಿದೀನಿ ನೋಡಿ" ಅನ್ನುವ ಮೆಸೇಜ್ ಬಂದರೆ ಹೊಟ್ಟೆ ಉರಿಯುತ್ತಿತ್ತು.

ಬ್ಯಾಂಕಿನಲ್ಲಿ ಕೌಂಟರ್ ಹುಡುಗ ಕಂಪ್ಯೂಟರ್ ನೋಡಿದ. "ಮೇಡಂ, ಸೈಬರ್ ಕೇಸ್. ನಮ್ಮ ಕೈಯಲ್ಲಿಲ್ಲ, ಪೊಲೀಸರನ್ನ ಕೇಳಿ" ಅಂದ. ಯಾವ ಪೊಲೀಸ್? ಗೊತ್ತಿಲ್ಲ. ಎಷ್ಟು ದುಡ್ಡಿಗೆ? ಗೊತ್ತಿಲ್ಲ. ಪಕ್ಕದಲ್ಲಿ ನಿಂತಿದ್ದವರು ನನ್ನನ್ನು ಒಂಥರಾ ನೋಡಿದರು. ಸೈಬರ್ ಕೇಸ್ ಅನ್ನುವ ಮಾತನ್ನು ಅಷ್ಟು ಜೋರಾಗಿ ಹೇಳಬೇಕಿತ್ತಾ? ಮನೆಗೆ ಬಂದು ಮಿಷನ್ ಮುಂದೆ ಕೂತರೂ ಕೈ ಓಡಲಿಲ್ಲ.

ನಮ್ಮ ಜಿಲ್ಲೆಯ ಸಿಇಎನ್ ಠಾಣೆಗೆ ಹೋದೆ. ಸೈಬರ್ ಅಪರಾಧಕ್ಕೆ ಅಂತ ಜಿಲ್ಲೆಗಳಲ್ಲಿ ಇರುವ ಠಾಣೆ ಅದು. ಠಾಣೆ ಮೆಟ್ಟಿಲು ಹತ್ತುವಾಗ ಕಾಲು ನಡುಗುತ್ತಿತ್ತು, ಆದರೆ ಅಲ್ಲಿದ್ದವರು ಕೂರಿಸಿ ಮಾತಾಡಿಸಿದರು. ಇದು ಇಲ್ಲಿ ದಾಖಲಾದ ದೂರಲ್ಲ, ಹಾಗಾಗಿ ನಾವು ಬಿಡಿಸಲು ಬರುವುದಿಲ್ಲ ಅಂದರು. ಬ್ಯಾಂಕಿನಿಂದ ಏನೇನು ಕೇಳಿ ತರಬೇಕು ಅನ್ನುವುದನ್ನು ಮಾತ್ರ ಬರೆದುಕೊಟ್ಟರು. ಅದೇ ಚೀಟಿ ಮುಂದೆ ಎಲ್ಲ ಕಡೆ ಕೆಲಸಕ್ಕೆ ಬಂತು. ದೂರಿನ ಅಕ್ನಾಲೆಡ್ಜ್‌ಮೆಂಟ್ ನಂಬರ್, ಯಾವ ರಾಜ್ಯ, ಯಾವ ಠಾಣೆ, ತನಿಖಾಧಿಕಾರಿಯ ಮೇಲ್ ಐಡಿ, ತಕರಾರಿನಲ್ಲಿರುವ ಮೊತ್ತ ಎಷ್ಟು, ಅದರ ಯುಟಿಆರ್, ಅಂದರೆ ಆ ಪಾವತಿಯ ಗುರುತಿನ ನಂಬರ್ ಏನು. ಇಷ್ಟು ಕೈಯಲ್ಲಿ ಇಲ್ಲದೆ ಯಾರಿಗೆ ಫೋನ್ ಮಾಡಿದರೂ ಸುಮ್ನೆ ಟೈಮ್ ವೇಸ್ಟ್.

ಬ್ಯಾಂಕಿಗೆ ಮತ್ತೆ ಹೋದಾಗ ಬಾಯಲ್ಲಿ ಕೇಳಲಿಲ್ಲ. ಮ್ಯಾನೇಜರ್ ಹೆಸರಿಗೆ ಒಂದು ಅರ್ಜಿ ಬರೆದು, ಅದರ ಜೆರಾಕ್ಸ್ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಂಡೆ. ನೀವೂ ಹೀಗೇ ಮಾಡಿ. ಬಾಯಲ್ಲಿ ಕೇಳಿದಾಗ ಗೊತ್ತಿಲ್ಲ ಅಂದವರೇ ಸೀಲು ಬಿದ್ದ ಮೇಲೆ ಮೇಲ್ ತೆಗೆದು ಹುಡುಕಿದರು. ಹಿರಿಯ ಕ್ಲರ್ಕ್ ಒಬ್ಬರು ಹೆಡ್ ಆಫೀಸಿನಿಂದ ಬಂದ ಮೇಲ್ ನೋಡಿ, ಹಣ ಕಟ್ಟುವ ಚಲನ್ ಹಿಂದೆ ಎಲ್ಲ ಬರೆದುಕೊಟ್ಟರು. ತಕರಾರಿನ ಮೊತ್ತ 4,600. ನನ್ನ ಖಾತೆಯಲ್ಲಿದ್ದದ್ದು 61,000 ಚಿಲ್ಲರೆ. ಮಗನ ಕಾಲೇಜು ಫೀಸಿಗೆ ಅಂತ ಕೂಡಿಟ್ಟದ್ದೂ ಅದರಲ್ಲೇ ಇತ್ತು. 4,600ಕ್ಕೋಸ್ಕರ ಪೂರ್ತಿ ಖಾತೆಗೆ ಬೀಗ!

ಇದು ಹೇಗೆ ಆಗುತ್ತದೆ ಅನ್ನುವುದನ್ನು ಆಮೇಲೆ ತಿಳಿದುಕೊಂಡೆ. ಮೋಸ ಹೋದವರು 1930ಕ್ಕೆ ಫೋನ್ ಮಾಡುತ್ತಾರೆ, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕುತ್ತಾರೆ. ಕೇಂದ್ರ ಗೃಹ ಸಚಿವಾಲಯದ ಕೆಳಗೆ ಸೈಬರ್ ಅಪರಾಧ ನೋಡಿಕೊಳ್ಳುವ ಐ4ಸಿ ಅನ್ನುವ ಸಂಸ್ಥೆ ಇದೆ, ಅವರು 2021ರಲ್ಲಿ ಶುರು ಮಾಡಿದ ವ್ಯವಸ್ಥೆ. ದೂರು ಬಿದ್ದ ಕೂಡಲೇ ಕಳ್ಳನ ಖಾತೆ ಇರುವ ಬ್ಯಾಂಕಿಗೆ ಸುದ್ದಿ ಹೋಗುತ್ತದೆ. ಅಲ್ಲಿಂದ ದುಡ್ಡು ಆಗಲೇ ಬೇರೆ ಖಾತೆಗೆ ಹೋಗಿದ್ದರೆ ಆ ಖಾತೆಯ ಬ್ಯಾಂಕಿಗೆ, ಅಲ್ಲಿಂದ ಮುಂದಕ್ಕೆ. ಒಂದೊಂದು ಹಂತಕ್ಕೂ ಲೇಯರ್ ಅನ್ನುತ್ತಾರೆ. ನನ್ನದು ಲೇಯರ್ ನಾಲ್ಕಂತೆ. ಖಾತೆ ಹಿಡಿದಿಡುವ ಅಧಿಕಾರ ಪೊಲೀಸರಿಗೆ ಮೊದಲು ಸಿಆರ್‌ಪಿಸಿ ಅನ್ನುವ ಹಳೇ ಕಾನೂನಿನ 102ನೇ ಕಲಂನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 106ನೇ ಕಲಂ. ಬ್ಯಾಂಕ್ ಖಾತೆಯೂ ಜಪ್ತಿ ಮಾಡಬಹುದಾದ ಆಸ್ತಿಯೇ ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ನಿಜ ಹೇಳಬೇಕೆಂದರೆ ವ್ಯವಸ್ಥೆಯ ಮೇಲೆ ನನಗೆ ಸಿಟ್ಟಿಲ್ಲ. ನನ್ನ ದುಡ್ಡೇ ಹೋಗಿದ್ದರೆ ಇಷ್ಟೇ ಬೇಗ ತಡೆಯಲಿ ಅಂತ ನಾನೂ ಬಯಸುತ್ತಿದ್ದೆ. ಸಿಟ್ಟಿರುವುದು ತಡೆದ ಮೇಲೆ ಯಾರೂ ತಿರುಗಿ ನೋಡದೆ ಇರುವುದಕ್ಕೆ. ಹಿಡಿಯುವುದು ನಿಮಿಷದ ಕೆಲಸ, ಬಿಡಿಸುವುದು ತಿಂಗಳುಗಳ ಕೆಲಸ.

ಯುಟಿಆರ್ ಅಂದರೆ ಪ್ರತಿ ಯುಪಿಐ ಪಾವತಿಗೂ ಇರುವ 12 ಅಂಕಿಯ ನಂಬರ್. ಸ್ಟೇಟ್‌ಮೆಂಟ್ ಇಟ್ಟುಕೊಂಡು ಬೆರಳಿಟ್ಟು ಹುಡುಕಿದೆ. ಸಿಕ್ಕಿತು. ಒಬ್ಬ ಮದುಮಗಳ ಬ್ಲೌಸ್ ಮತ್ತು ಕುಚ್ಚಿನ ಬಾಕಿ ದುಡ್ಡು. ಕಳಿಸಿದವಳು ಅವಳ ಅಕ್ಕ, ನಮ್ಮ ಹಳೇ ಗಿರಾಕಿ. ಅವಳಿಗೆ ಫೋನ್ ಮಾಡುವುದು ಹೇಗೆ ಹೇಳಿ? ನಿನ್ನ ದುಡ್ಡು ಕಳ್ಳ ದುಡ್ಡು ಅನ್ನುವುದಾ? ಧೈರ್ಯ ಮಾಡಿ ಕೇಳಿದರೆ ಅವಳು ಅತ್ತೇಬಿಟ್ಟಳು. ಅವಳ ಖಾತೆಯೂ ಫ್ರೀಜ್ ಆಗಿದೆ, ನಾಚಿಕೆಗೆ ಯಾರಿಗೂ ಹೇಳಿಲ್ಲ. ಅವಳ ಮೈದುನ ಯಾವುದೋ ಬೆಟ್ಟಿಂಗ್ ಆ್ಯಪ್‌ನಲ್ಲಿ ಗೆದ್ದ ದುಡ್ಡು ತೆಗೆದಿದ್ದ. ಮೊದಲು ಪಡೆದಿದ್ದ ಕೈಗಡ ಅಂತ ಅದನ್ನು ಅತ್ತಿಗೆ ಖಾತೆಗೆ ಹಾಕಿದ್ದ. ಅವಳು ಅದರಿಂದ ನನಗೆ ಕೊಟ್ಟಳು. ಇಂಥ ಆ್ಯಪ್‌ಗಳು ಗೆದ್ದವರಿಗೆ ತಮ್ಮ ಕಂಪನಿ ಖಾತೆಯಿಂದ ದುಡ್ಡು ಹಾಕುವುದಿಲ್ಲ, ಯಾರ ಯಾರದೋ ಬಾಡಿಗೆ ಖಾತೆಗಳಿಂದ ಹಾಕುತ್ತವೆ. ಆ ಖಾತೆಗೆ ಮೋಸದ ದುಡ್ಡೂ ಬಂದು ಬೀಳುತ್ತಿರುತ್ತದೆ. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು. ಆದರೂ ಕದ್ದುಮುಚ್ಚಿ ಆಡುವವರು ಇದ್ದೇ ಇದ್ದಾರೆ. ಯುಪಿಐನಲ್ಲಿ ದುಡ್ಡು ಕಳಿಸಿದವರ ಹೆಸರು ಕಾಣುತ್ತದೆ. ಅವರಿಗೆ ಆ ದುಡ್ಡು ಎಲ್ಲಿಂದ ಬಂತು ಅನ್ನುವುದು ಎಲ್ಲಿ ಕಾಣುತ್ತದೆ?

ಅವಳು ತಕ್ಷಣ "ಅಕ್ಕ, ಆ ದುಡ್ಡು ನನಗೆ ವಾಪಸ್ ಹಾಕಿ, ನಾನು ಕ್ಯಾಶ್ ಕೊಡುತ್ತೇನೆ" ಅಂದಳು. ಠಾಣೆಯಲ್ಲಿ ಇದನ್ನು ಮೊದಲೇ ಹೇಳಿದ್ದರು, ತಕರಾರಿನ ಮೊತ್ತವನ್ನು ಬೇರೆ ಖಾತೆಯಿಂದಾದರೂ ಸರಿ ನೀವೇ ಯಾರಿಗೂ ಹಿಂದಿರುಗಿಸಬೇಡಿ ಅಂತ. ಹಿಡಿದಿಟ್ಟ ದುಡ್ಡು ಹಾಗೇ ಇರುತ್ತದೆ, ಮೇಲಿಂದ ಇನ್ನೊಮ್ಮೆ ಕಳಕೊಳ್ಳುತ್ತೀರಿ. ಬೇಡ ಅಂದೆ.

ಈ ನಡುವೆ ಪವರ್ ಮಿಷನ್ ಸಾಲದ ಕಂತು ಬೌನ್ಸ್ ಆಯಿತು. ಬ್ಯಾಂಕಿನವರು 590 ಹಾಕಿದರು, ಸಾಲ ಕೊಟ್ಟವರು ಬೇರೆ ದಂಡ ಹಾಕಿದರು. ಖಾತೆ ಫ್ರೀಜ್ ಆಗಿದೆ, ದುಡ್ಡು ಇದ್ದರೂ ಕಟ್ಟಲು ಬರುತ್ತಿಲ್ಲ ಅಂತ ಎಷ್ಟು ಹೇಳಿದರೂ ಕೇಳುವವರಿಲ್ಲ. ಗೃಹಲಕ್ಷ್ಮಿಯ 2,000 ಕೂಡ ಅದೇ ಖಾತೆಗೆ ಬಂದು ಸಿಕ್ಕಿಹಾಕಿಕೊಂಡಿತು. ಸರ್ಕಾರದ ದುಡ್ಡು ಆಧಾರ್ ಜೋಡಿಸಿದ ಖಾತೆಗೆ ಬರುತ್ತದಲ್ಲ, ಒಂದು ಸಲಕ್ಕೆ ಒಂದೇ ಖಾತೆಗೆ ಆ ಜೋಡಣೆ ಇರುತ್ತದೆ. ಬೇರೆ ಬ್ಯಾಂಕಿಗೆ ಹೋಗಿ ಆಧಾರ್ ಸೀಡಿಂಗ್ ಫಾರ್ಮ್ ಕೊಟ್ಟರೆ ಮುಂದಿನ ಕಂತಿನಿಂದ ಅಲ್ಲಿಗೆ ಬರುತ್ತದೆ. ಇದು ಸುಲಭದ ಕೆಲಸ, ತಡ ಮಾಡಬೇಡಿ. ಮಗನ ಫೀಸಿಗೆ ಸಂಘದಲ್ಲಿ ಸಾಲ ಎತ್ತಿದೆ. ಸಂಘದ ಹೆಂಗಸರು ಮಾತ್ರ ಒಂದು ಪ್ರಶ್ನೆ ಕೇಳದೆ ಕೊಟ್ಟರು.

ಇನ್ನು ಆ ದೂರದ ಠಾಣೆ. ಲ್ಯಾಂಡ್‌ಲೈನ್ ಎತ್ತುವವರಿಲ್ಲ. ಎತ್ತಿದರೆ ಹಿಂದಿ. ನನ್ನ ಹಿಂದಿ ಸೀರಿಯಲ್ ಹಿಂದಿ, ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಪಕ್ಕದ ಮನೆಯ ಹುಡುಗ ಇಂಜಿನಿಯರಿಂಗ್ ಓದುತ್ತಾನೆ, ಅವನು "ಆಂಟಿ, ಮೇಲ್ ಮಾಡೋಣ" ಅಂತ ಕೂತು ಇಂಗ್ಲಿಷ್‌ನಲ್ಲಿ ಬರೆದುಕೊಟ್ಟ. ಆದರೆ ದಾಖಲೆ ಬೇಕಲ್ಲ. ಇದು ಬ್ಲೌಸ್ ಹೊಲಿದ ದುಡ್ಡು ಅಂತ ಹೇಗೆ ತೋರಿಸುವುದು? ನನ್ನಂಥವರು ಬಿಲ್ ಬುಕ್ ಇಟ್ಟಿರುತ್ತೇವಾ?

ಅಳತೆ ಪುಸ್ತಕ ಇತ್ತು. ಉದ್ದನೆಯ ಲೆಕ್ಕದ ಪುಸ್ತಕ, ಒಬ್ಬೊಬ್ಬರಿಗೆ ಒಂದು ಪುಟ. ಆ ಮದುಮಗಳ ಪುಟದಲ್ಲಿ ತಾರೀಕು, ಹೆಸರು, ಎದೆ ಸುತ್ತಳತೆ, ಭುಜ, ತೋಳಿನ ಉದ್ದ. "ಹಿಂದೆ ಡೋರಿ, ಮುಂದೆ ಬೋಟ್ ನೆಕ್, ತೋಳಿಗೆ ಆರಿ ವರ್ಕ್" ಅಂತ ನನ್ನ ಕೋಳಿ ಕಾಲಿನ ಅಕ್ಷರ. ಕೆಳಗೆ ಅಡ್ವಾನ್ಸ್ 1,000, ಬಾಕಿ 4,600, ಪಕ್ಕದಲ್ಲಿ ಟಿಕ್. ಮೂಲೆಯಲ್ಲಿ ಬಣ್ಣ ಮರೆಯದೆ ಇರಲಿ ಅಂತ ಸೀರೆಯ ಒಂದೆಳೆ ರಾಮಾ ಗ್ರೀನ್ ದಾರ, ಬ್ಲೌಸ್ ಪೀಸಿನ ಬೆರಳಗಲದ ತುಂಡು, ಸ್ಟೇಪ್ಲರ್ ಹೊಡೆದದ್ದು. ಅದನ್ನೇ ಫೋಟೋ ತೆಗೆದೆವು. ಹೆಣ್ಣುಮಗಳ ಅಳತೆಯನ್ನು ಯಾರೋ ಗಂಡಸರಿಗೆ ಕಳಿಸುವುದಾ ಅಂತ ಮನಸ್ಸು ಹಿಂಜರಿಯಿತು. ಆಮೇಲೆ ಅಂಕಿಗಳ ಮೇಲೆ ಬಿಳಿ ಕಾಗದದ ಪಟ್ಟಿ ಇಟ್ಟು, ತಾರೀಕು ಮತ್ತು ದುಡ್ಡಿನ ಸಾಲು ಮಾತ್ರ ಕಾಣುವ ಹಾಗೆ ತೆಗೆದೆವು. ಜೊತೆಗೆ ಅವರ ವಾಟ್ಸಾಪ್ ಮಾತುಕತೆ, ರೆಡಿಯಾದ ಬ್ಲೌಸಿನ ಫೋಟೋ, ಆರು ತಿಂಗಳ ಸ್ಟೇಟ್‌ಮೆಂಟ್, ಆಧಾರ್, ಪ್ಯಾನ್. ದುಡ್ಡು ಕಳಿಸಿದ ಅವಳ ಅಕ್ಕನ ಕಡೆಯಿಂದಲೂ ಒಂದು ಪತ್ರ ಬರೆಸಿ ಸಹಿ ಹಾಕಿಸಿಕೊಂಡೆ, ಈ ದುಡ್ಡು ಹೊಲಿಗೆಯ ಬಾಬ್ತು ಕೊಟ್ಟದ್ದು ಅಂತ.

ಮೇಲ್ ವಾಪಸ್ ಬಂತು. ಅವರ ಮೇಲ್ ಬಾಕ್ಸ್ ತುಂಬಿತ್ತಂತೆ! ಮತ್ತೆ ಕಳಿಸಿದರೂ ವಾಪಸ್. ಕೊನೆಗೆ ಎಲ್ಲ ಪ್ರಿಂಟ್ ಹಾಕಿಸಿ ಸ್ಪೀಡ್ ಪೋಸ್ಟ್ ಮಾಡಿದೆ. ಅಂಚೆಯ ಟ್ರ್ಯಾಕಿಂಗ್‌ನಲ್ಲಿ ತಲುಪಿದೆ ಅಂತ ಬಂದ ಪುಟವನ್ನೂ ಪ್ರಿಂಟ್ ತೆಗೆದಿಟ್ಟುಕೊಂಡೆ. ಫೋಟೋಗಳ ಸೈಜ್ ಕಮ್ಮಿ ಮಾಡಿ, ಎಲ್ಲ ಒಂದೇ ಪಿಡಿಎಫ್ ಮಾಡಿ ಮೇಲ್ ಮಾಡಿದ್ದು ಆಮೇಲೊಂದು ದಿನ ಹೋಯಿತು. ಸಬ್ಜೆಕ್ಟ್ ಸಾಲಿನಲ್ಲಿ ಅಕ್ನಾಲೆಡ್ಜ್‌ಮೆಂಟ್ ನಂಬರ್ ಮೊದಲು ಬರಲಿ. ಅವರು ಹುಡುಕುವುದು ಅದನ್ನೇ, ನಮ್ಮ ಹೆಸರನ್ನಲ್ಲ.

ಕಾಯುವ ಆ ದಿನಗಳಲ್ಲೇ ಇನ್ನೊಂದು ಫೋನ್ ಬಂತು. ವಾಟ್ಸಾಪ್ ಕಾಲ್, ಪೊಲೀಸ್ ಟೋಪಿಯ ಡಿಪಿ. ನಿಮ್ಮ ಖಾತೆ ಬಿಡಿಸುತ್ತೇನೆ, 8,000 ಕಳಿಸಿ, ಒಂದು ಓಟಿಪಿ ಬರುತ್ತೆ ಹೇಳಿ ಅಂದ. ಖಾತೆ ಫ್ರೀಜ್ ಆದದ್ದು ಅವನಿಗೆ ಹೇಗೆ ಗೊತ್ತಾಯಿತೋ ದೇವರೇ ಬಲ್ಲ. ಯಾವ ಠಾಣೆ, ನನ್ನ ದೂರಿನ ನಂಬರ್ ಹೇಳಿ ಅಂದೆ. ಬೈದು ಫೋನ್ ಇಟ್ಟ. ಖಾತೆ ಬಿಡಿಸಲು ಪೊಲೀಸರಿಗೆ ನಿಮ್ಮ ಓಟಿಪಿಯಾಗಲಿ ಪಿನ್ ಆಗಲಿ ಬೇಕಿಲ್ಲ. ಕೆಲಸ ನಡೆಯುವುದು ಅವರ ಮೇಲ್‌ನಿಂದ ಬ್ಯಾಂಕಿನ ನೋಡಲ್ ಅಧಿಕಾರಿಗೆ, ಅಂದರೆ ಬ್ಯಾಂಕಿನ ಕಡೆಯಿಂದ ಇಂಥ ಕೇಸು ನೋಡಿಕೊಳ್ಳುವವರಿಗೆ, ನಮ್ಮ ಫೋನ್ ಅದರ ನಡುವೆ ಬರುವುದೇ ಇಲ್ಲ. ಬಿಡಿಸಿಕೊಡುತ್ತೇವೆ, ಇದ್ದ ದುಡ್ಡಿನಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅನ್ನುವ ಏಜೆಂಟರೂ ಸಿಗುತ್ತಾರೆ. ಹತ್ತಿರ ಸೇರಿಸಬೇಡಿ.

ನಿಜವಾದ ಅಧಿಕಾರಿ ಕೊನೆಗೂ ಫೋನಿಗೆ ಸಿಕ್ಕರು. ಹುಡುಗನೇ ಮಾತಾಡಿದ. ಒರಿಜಿನಲ್ ದಾಖಲೆ ಹಿಡಿದು ಇಲ್ಲಿಗೆ ಬನ್ನಿ, ಹೇಳಿಕೆ ಕೊಡಬೇಕು ಅಂದರಂತೆ. ಎರಡು ರಾತ್ರಿ ರೈಲಿನ ದಾರಿ. ಹೋಗಿ ಬರಲು, ಅಲ್ಲಿ ಉಳಿಯಲು ಆಗುವ ಖರ್ಚಿನ ಮುಂದೆ 4,600 ಯಾವ ಲೆಕ್ಕ? ಜೊತೆಗೆ ಮದುವೆ ಸೀಸನ್, ಕೈ ತುಂಬ ಕೆಲಸ. ಅವತ್ತು ರಾತ್ರಿ ಮಾತ್ರ ನಿಜವಾಗಿಯೂ ಕುಸಿದುಹೋದೆ.

ನಮ್ಮ ಗಿರಾಕಿಯೊಬ್ಬರ ಯಜಮಾನರು ವಕೀಲರು. ಅವರು ಎರಡು ವಿಷಯ ಹೇಳಿದರು, ಎರಡೂ ಬರೆದಿಟ್ಟುಕೊಳ್ಳಿ. ಒಂದು, ಪೊಲೀಸರು ಸಾಕ್ಷಿಯಾಗಿ ಕರೆಯುವುದಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಇದೆ. ಅದರಲ್ಲಿ ಹೆಂಗಸರನ್ನು, 15 ವರ್ಷದೊಳಗಿನ ಮತ್ತು 60 ದಾಟಿದ ಗಂಡಸರನ್ನು ಅವರು ವಾಸವಿರುವ ಜಾಗ ಬಿಟ್ಟು ಬೇರೆ ಕಡೆ ಬರುವಂತೆ ಒತ್ತಾಯಿಸುವಂತಿಲ್ಲ ಅಂತ ಸ್ಪಷ್ಟವಾಗಿ ಇದೆ. ಎರಡು, ತಕರಾರು ಎಷ್ಟು ದುಡ್ಡಿಗೋ ಅಷ್ಟನ್ನು ಮಾತ್ರ ಹಿಡಿದಿಟ್ಟು ಉಳಿದದ್ದು ಬಿಡಬೇಕು ಅಂತ ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. ಅದು ಕೇರಳದ ಆದೇಶ, ಬೇರೆ ರಾಜ್ಯದ ಠಾಣೆ ಅದಕ್ಕೆ ಕಟ್ಟುಬೀಳಲೇಬೇಕು ಅಂತಿಲ್ಲ, ಆದರೆ ಅರ್ಜಿಯಲ್ಲಿ ಬರೆದರೆ ತೂಕ ಬರುತ್ತದೆ ಅಂದರು. ಫೀಸು ತಗೊಳ್ಳಲಿಲ್ಲ. ಅವರ ಮನೆಯವರ ಎರಡು ಬ್ಲೌಸಿಗೆ ನಾನೂ ತಗೊಳ್ಳಲಿಲ್ಲ.

ಅವರು ಹೇಳಿದಂತೆ ಮತ್ತೊಂದು ಮೇಲ್ ಹೋಯಿತು. ಜಗಳದ ಮಾತು ಒಂದೂ ಇರಲಿಲ್ಲ. "ತನಿಖೆಗೆ ಸಹಕರಿಸಲು ಸಿದ್ಧಳಿದ್ದೇನೆ. ನಾನು ಮಹಿಳೆ, 179ನೇ ಕಲಂ ಪ್ರಕಾರ ನನ್ನ ಹೇಳಿಕೆಯನ್ನು ಇಲ್ಲಿಂದಲೇ ಪಡೆಯಬೇಕೆಂದು ಕೋರುತ್ತೇನೆ. ತಕರಾರಿನ 4,600 ರೂಪಾಯಿ ಮೇಲೆ ಮಾತ್ರ ಲೀನ್ ಇಟ್ಟು ಉಳಿದ ಹಣವನ್ನು ಬಿಡುಗಡೆ ಮಾಡಲು ಬ್ಯಾಂಕಿಗೆ ತಿಳಿಸಬೇಕು." ಇದನ್ನೇ ಇಂಗ್ಲಿಷ್‌ನಲ್ಲಿ ಬರೆದದ್ದು. ಪ್ರತಿಯನ್ನು ಬ್ಯಾಂಕಿನ ನೋಡಲ್ ಅಧಿಕಾರಿಗೂ ಹಾಕಿದೆವು. ಲೀನ್ ಅಂದರೆ ಅಷ್ಟು ಮೊತ್ತ ಮಾತ್ರ ಮುಟ್ಟುವಂತಿಲ್ಲ, ಉಳಿದದ್ದು ಎಂದಿನಂತೆ ನಡೆಯುತ್ತದೆ.

ಆಮೇಲೆ ವಿಡಿಯೊ ಕಾಲ್‌ನಲ್ಲಿ ಮಾತಾಡಿಸಿದರು. ಈ ಸಲ ಅವರು ನನ್ನ ದೂರಿನ ನಂಬರ್ ಹೇಳಿದ ಮೇಲೇ ನಾನು ಮಾತಾಡಿದ್ದು. ಅಳತೆ ಪುಸ್ತಕವನ್ನು ಕ್ಯಾಮೆರಾಗೆ ತೋರಿಸಿ ಅಂದರು. ಹಿಂದಿನ ಪುಟ, ಮುಂದಿನ ಪುಟ ತಿರುವಿಸಿದರು, ನಿನ್ನೆ ಮೊನ್ನೆ ಬರೆದದ್ದಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಇರಬೇಕು. ಮಿಷನ್ ತೋರಿಸಿದೆ, ನೇತುಹಾಕಿದ್ದ ಬ್ಲೌಸುಗಳನ್ನು ತೋರಿಸಿದೆ. ಅವರ ದನಿ ಅಲ್ಲಿಂದ ಮೆತ್ತಗಾಯಿತು. ದೂರು ಕೊಟ್ಟವರು ರಿಟೈರಾದ ಮೇಷ್ಟ್ರಂತೆ, ಹೂಡಿಕೆ ಹೆಸರಲ್ಲಿ ಭಾರಿ ದುಡ್ಡು ಕಳೆದುಕೊಂಡಿದ್ದಾರಂತೆ. ಅದನ್ನು ಕೇಳಿದ ಮೇಲೆ ನನಗೆ ಬೈಯಲೂ ಮನಸ್ಸು ಬರಲಿಲ್ಲ.

ಬ್ಯಾಂಕಿಗೆ ಮೇಲ್ ಮಾಡಿದ್ದೇನೆ ಅಂತ ಆ ಅಧಿಕಾರಿ ಹೇಳಿದರು, ಬಂದಿಲ್ಲ ಅಂತ ಬ್ರಾಂಚ್‌ನವರು ಹೇಳಿದರು. ಇದೇ ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ ಘಟ್ಟ. ಪೊಲೀಸರ ಮೇಲ್ ಬ್ರಾಂಚಿಗೆ ಬರುವುದಿಲ್ಲ, ಹೆಡ್ ಆಫೀಸಿನ ಸೈಬರ್ ವಿಭಾಗಕ್ಕೆ ಹೋಗುತ್ತದೆ. ಹಾಗಾಗಿ ಆ ಮೇಲ್‌ನ ಪ್ರತಿಯನ್ನು ನಿಮಗೂ ಕಳಿಸುವಂತೆ ಅಧಿಕಾರಿಯನ್ನು ಕೇಳಿಕೊಳ್ಳಿ. ನನಗೆ ಕಳಿಸಿದರು. ಪ್ರಿಂಟ್ ತೆಗೆದು, ಲಿಖಿತ ದೂರಿನ ಜೊತೆ ಬ್ರಾಂಚಿಗೆ ಕೊಟ್ಟು ಸೀಲು ಹಾಕಿಸಿಕೊಂಡೆ. ಬ್ಯಾಂಕಿಗೆ ಬರೆದು ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ದುಡ್ಡು ಕಟ್ಟಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ವಿವರ ಹೇಳುತ್ತಾರೆ. ಪೊಲೀಸರು ಹಾಕಿದ ಫ್ರೀಜ್ ಅನ್ನು ಅವರು ತೆಗೆಸುತ್ತಾರೆ ಅಂತಲ್ಲ. ಪೊಲೀಸರು ಬಿಡಿ ಅಂದಮೇಲೂ ಬ್ಯಾಂಕ್ ಕೂತುಬಿಟ್ಟರೆ ಅದು ಬ್ಯಾಂಕಿನ ಸೇವೆಯ ದೋಷ. ಅರ್ಜಿಯ ಕೊನೆಯಲ್ಲಿ ಒಂಬುಡ್ಸ್‌ಮನ್ ಹೆಸರು ಬರೆದಿದ್ದೆ. ಅದಕ್ಕೇ ಆಯಿತೋ ಏನೋ, 30 ದಿನ ಕಾಯುವ ಹಾಗೆ ಆಗಲಿಲ್ಲ.

ಬಿಡುಗಡೆಯಾದ ದಿನ ಮೆಸೇಜ್ ಗಿಸೇಜ್ ಏನೂ ಬರಲಿಲ್ಲ. ಸಂಜೆ ಸುಮ್ನೆ ಒಂದು ರೂಪಾಯಿ ಯಜಮಾನರಿಗೆ ಕಳಿಸಿ ನೋಡಿದೆ, ಹೋಯಿತು. ಮೊದಲು ಸಂಘದ ಸಾಲ ತೀರಿಸಿದೆ. ಬೌನ್ಸ್ ದಂಡ, ಪ್ರಿಂಟು, ಜೆರಾಕ್ಸ್, ಅಂಚೆ, ಆಟೋ, ಸಂಘದ ಬಡ್ಡಿ ಎಲ್ಲ ಸೇರಿ 3,000 ದಾಟಿತು. ಬಿಟ್ಟುಹೋದ ಕೆಲಸದ ಲೆಕ್ಕ ಹಾಕಿಲ್ಲ.

ಈಗ ವ್ಯವಹಾರಕ್ಕೆ ಬೇರೆಯೇ ಖಾತೆ ತೆರೆದಿದ್ದೇನೆ. ಕ್ಯೂಆರ್ ಅದರದ್ದು. ವಾರಕ್ಕೊಮ್ಮೆ ದುಡ್ಡನ್ನು ಮನೆ ಖಾತೆಗೆ ಸಾಗಿಸುತ್ತೇನೆ. ಹೀಗೆ ಸಾಗಿಸಿದ ದುಡ್ಡಿನ ಬೆನ್ನು ಹತ್ತಿ ಅಲ್ಲಿಗೂ ಫ್ರೀಜ್ ಬರಬಹುದು, ಅದು ಗೊತ್ತು. ಆದರೂ ಫೀಸು, ಕಂತು, ಗೃಹಲಕ್ಷ್ಮಿ ಎಲ್ಲ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುವ ಭಯ ಕಮ್ಮಿ. ಬಿಲ್ ಬುಕ್ ಮಾಡಿಸಿದೆ, ಪ್ರತಿ ಬಿಲ್ಲಿನ ಫೋಟೋ ಗಿರಾಕಿಗೆ ವಾಟ್ಸಾಪ್ ಹೋಗುತ್ತದೆ. ಹೊಸಬರು ಬಂದು ನಿಮಗೆ ಆನ್‌ಲೈನ್ ಹಾಕುತ್ತೇನೆ, ಕ್ಯಾಶ್ ಕೊಡಿ ಅಂದರೆ ಎಷ್ಟೇ ಪಾಪ ಅನಿಸಿದರೂ ಇಲ್ಲ ಅನ್ನುತ್ತೇನೆ.

ಉಳಿದ 4,600ಕ್ಕೆ ನನಗೆ ಗೊತ್ತಿರುವ ದಾರಿ ಎರಡು. ಆ ಅಧಿಕಾರಿಯೇ ಬಿಡಬಹುದು ಅಂತ ಬರೆದುಕೊಡಬೇಕು. ಇಲ್ಲವೇ ಆ ಊರಿನ ಮ್ಯಾಜಿಸ್ಟ್ರೇಟ್ ಮುಂದೆ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಂ ಕೆಳಗೆ ಅರ್ಜಿ ಹಾಕಬೇಕು. ಅಲ್ಲಿನ ವಕೀಲರೊಬ್ಬರನ್ನು ಹುಡುಗ ವಿಚಾರಿಸಿದ, 6,000 ಆಗುತ್ತದೆ ಅಂದರಂತೆ. ನನ್ನ ಗಿರಾಕಿ ಅರ್ಧ ದುಡ್ಡು ಕ್ಯಾಶ್ ಕೊಟ್ಟಿದ್ದಾಳೆ, ಲೀನ್ ತೆಗೆದರೆ ವಾಪಸ್ ಕೊಡುತ್ತೇನೆ ಅಂತ ಅಳತೆ ಪುಸ್ತಕದ ಅದೇ ಪುಟದಲ್ಲಿ ಬರೆದಿಟ್ಟಿದ್ದೇನೆ. ಅವಳ ಖಾತೆ ಇನ್ನೂ ಬಿಟ್ಟಿಲ್ಲ. ಅವಳದು ಲೇಯರ್ ಮೂರು, ಮೈದುನನ ಕಡೆಯಿಂದ ಬೆಟ್ಟಿಂಗ್ ವಿಷಯವೂ ಇರುವುದರಿಂದ ಜಾಸ್ತಿ ಪ್ರಶ್ನೆ ಕೇಳುತ್ತಿದ್ದಾರೆ. ನಾಳೆ ಅವಳ ಅರ್ಜಿ ಬರೆಯಲು ಕೂರುತ್ತಿದ್ದೇವೆ, ಹುಡುಗನಿಗೂ ಹೇಳಿದ್ದೇನೆ.